ಒಗೆದ ಚೀಲ

ಫೆಬ್ರವರಿ 3, ಸೋಮವಾರ

ಈ ಮನೆ ನನ್ನದು. ಹಿತ್ತಲಿನ ಮರಗೆಲಸದ ಶೆಡ್ಡೂ ನನ್ನದು. ಯಜಮಾನರು ಹೋದ ಮೇಲೆ ಎರಡರ ಬೀಗದ ಕೈಗಳೂ ನನ್ನ ಸೊಂಟದಲ್ಲೇ ಇವೆ. ಹೈಸ್ಕೂಲು ಮುಗಿಸಿದವಳು, ಓದಲು ಬರೆಯಲು ಯಾರ ಬಾಯಿಯನ್ನೂ ನೋಡಬೇಕಾಗಿಲ್ಲ. ಮರ ಕೊಯ್ಯುವುದು, ಜೋಡಿಸುವುದು ಗಂಡಸರ ಕೆಲಸವಾದರೂ ಪಾಲಿಷ್ ನನ್ನ ಕೈಯದು. ನಾನು "ಆಯಿತು" ಎನ್ನುವವರೆಗೆ ಒಂದು ಸ್ಟೂಲೂ ಇಲ್ಲಿಂದ ಹೊರಗೆ ಹೋಗುವುದಿಲ್ಲ. ಬೀದಿಯವರು ಬೆನ್ನ ಹಿಂದೆ ನನ್ನನ್ನು "ಹೆಡ್ಮಿಸ್ಸು" ಎನ್ನುತ್ತಾರೆಂದು ಗೊತ್ತು. ಎದುರಿಗೆ ಅನ್ನಲಿ, ನೋಡೋಣ.

ಇಷ್ಟೆಲ್ಲ ಯಾಕೆ ಬರೆದೆನೆಂದರೆ ಮಧ್ಯಾಹ್ನ ಊಟದ ಹೊತ್ತಿಗೆ ಆಡಿದ ಒಂದು ಮಾತು ಇನ್ನೂ ಗಂಟಲಲ್ಲೇ ಇದೆ. ಆಡಬಾರದ ಮಾತೇನಲ್ಲ. ಆದರೂ ಇದೆ.

ಅಳಿಯನಿಗೆ ಮಳೆಗಾಲದಿಂದ ಕೆಮ್ಮು. ಮನೆ ಅಳಿಯ. ಮದುವೆಯಾದ ವರ್ಷವೇ ನಮ್ಮವರ ಕೈಕೆಳಗೆ ಕೆಲಸ ಕಲಿಯಲು ಬಂದು, ಅವರು ಹೋದ ಮೇಲೂ ಶೆಡ್ಡಿನಲ್ಲೇ ಉಳಿದವನು. ಮಗಳು ಇವತ್ತು ಅವನನ್ನು ಬಲವಂತದಿಂದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು.

"ಮರದ ಧೂಳೇ ಕಾರಣವಂತೆ ಅಮ್ಮ. ಉಸಿರಿನ ನಾಳ ಎಲ್ಲ ಊದ್ಕೊಂಡಿದೆಯಂತೆ. ತಿಂಗಳು ಬಿಟ್ಟು ಮತ್ತೆ ನೋಡ್ತಾರೆ. ಕಡಿಮೆ ಆಗ್ಲಿಲ್ಲ ಅಂದ್ರೆ ಈ ಕೆಲಸಾನೇ ಬಿಡ್ಬೇಕಂತೆ."

"ಬಡಗಿಗೆ ಧೂಳು ಆಗಲ್ವಂತೆ!" ಎಂದೆ. "ಇನ್ನು ಮೀನಿಗೆ ನೀರು ಆಗಲ್ಲ ಅನ್ನೋ ಡಾಕ್ಟರೊಬ್ಬ ಹುಟ್ಟಬೇಕು. ನಿಮ್ಮಪ್ಪ ಕೆಮ್ಮುತ್ತಲೇ ಬದುಕಿದರು. ಒಂದು ದಿನ ಆಸ್ಪತ್ರೆ ಮೆಟ್ಟಿಲು ಹತ್ತಿದರಾ?"

ಅಳಿಯನೂ ನಕ್ಕ. ನಗುತ್ತಿದ್ದವನಿಗೆ ಕೆಮ್ಮು ಹತ್ತಿಕೊಂಡಿತು. ತಟ್ಟೆ ಬಿಟ್ಟು ಎದ್ದ. ಮಗಳು ಅವನ ತಟ್ಟೆಯನ್ನೂ ತನ್ನದನ್ನೂ ಎತ್ತಿಕೊಂಡು ಹಿಂದೆಯೇ ಹೋದಳು. ನಾನೊಬ್ಬಳೇ ಕೂತು ಊಟ ಮುಗಿಸಿದೆ. ಮಧ್ಯದಲ್ಲಿ ಏಳುವುದು ನನ್ನ ಅಭ್ಯಾಸವಲ್ಲ.

ಫೆಬ್ರವರಿ 5, ಬುಧವಾರ

ಧೂಳು ಎಳೆಯುವ ಮಷೀನು ಬರುತ್ತದಂತೆ. ಮಗಳು ಎಲ್ಲ ವಿಚಾರಿಸಿಕೊಂಡೇ ಬಂದಿದ್ದಳು.

"ಮಷೀನು ಗೋಡೆ ಆಚೆಗಿರುತ್ತೆ ಅಮ್ಮ. ಧೂಳು ಪೈಪಲ್ಲಿ ಹೋಗಿ ಅಲ್ಲೇ ಬೀಳುತ್ತೆ, ಶೆಡ್ಡಿಗೆ ವಾಪಸ್ ಬರಲ್ಲ. ಅಪ್ಪನ ಕಪಾಟಿನ ಹಿಂದೆ ಹಳೇ ಕಿಟಕಿ ಜಾಗ ಇದೆಯಲ್ಲ, ಅಲ್ಲಿಂದ ಪೈಪು ಬಿಟ್ರೆ ಗೋಡೆನೂ ಒಡೀಬೇಕಿಲ್ಲ. ಕಪಾಟಿನ ಬೆನ್ನಲ್ಲಿ ಒಂದು ತೂತು, ಅಷ್ಟೇ."

ಅಷ್ಟೇ ಅಂತೆ.

ಶೆಡ್ಡಿಗೆ ಮೊದಲು ಓಣಿಯ ಕಡೆ ಒಂದು ಕಿಟಕಿ ಇತ್ತು. ಅಲ್ಲಿಂದ ಬರುವ ಧೂಳು ನನ್ನ ಹಸಿ ಪಾಲಿಷ್ ಮೇಲೆ ಕೂರುತ್ತದೆಂದು ಮದುವೆಯಾದ ಹೊಸತರಲ್ಲಿ ರೇಗಿದ್ದೆ. ನಮ್ಮವರು ಮರುಮಾತಾಡದೆ ಕಿಟಕಿ ಕಿತ್ತು, ಆ ಜಾಗಕ್ಕೆ ಸರಿಯಾಗಿ ತೇಗದ ಕಪಾಟು ಕೂರಿಸಿಕೊಟ್ಟರು. ಒಂದು ಮೊಳೆ ಹೊಡೆದಿಲ್ಲ. ನನ್ನ ವಾರ್ನಿಷ್ ಡಬ್ಬ, ಬ್ರಷ್ಷು, ಸೋಸುವ ಬಟ್ಟೆ ಎಲ್ಲ ಅದರಲ್ಲೇ. ಶೆಡ್ಡಿನಲ್ಲಿ ಅವರು ಬೇರೆಯವರಿಗಾಗಿ ಮಾಡದ ವಸ್ತು ಅದೊಂದೇ.

"ಮೊದಲು ನನ್ನನ್ನು ಹೊರಗೆ ಹಾಕಿ, ಆಮೇಲೆ ಆ ಕಪಾಟಿಗೆ ಗರಗಸ ಹಾಕಿ," ಎಂದೆ. "ಮಷೀನು ಬೇಡ ಅನ್ನಲ್ಲ. ಆದರೆ ಆರಿಸೋಳು ನಾನು. ನಿನ್ನ ಗಂಡನಿಗೆ ಹೇಳು, ನಾಳೆ ಗಾಡಿ ತೆಗೀಲಿ."

ಅವನು ಮೂರು ಮಾರು ದೂರದಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ. "ಕೇಳಿಸ್ತು ಅತ್ತೆ," ಎಂದ.

ಫೆಬ್ರವರಿ 6, ಗುರುವಾರ

ಮಷೀನಿನ ಅಂಗಡಿಗೆ ಮೂವರೂ ಹೋಗಿ ಬಂದೆವು. ಅಂಗಡಿಯವನ ಗಂಟಲಿಗೆ ಮೈಕು ಬೇಕಿಲ್ಲ. ದಿನವಿಡೀ ಮಷೀನುಗಳ ಜೊತೆ ಪೈಪೋಟಿ ಮಾಡಿ ಹಾಗಾಗಿರಬೇಕು.

ಮೊದಲು ಬಕೆಟ್ಟಿನಂಥ ಒಂದು ವ್ಯಾಕ್ಯೂಮ್ ತೋರಿಸಿದ. "ಉಜ್ಜೋ ಮಷೀನಿಗೆ ನೇರ ಸಿಕ್ಕಿಸೋಕೆ ಇದು ಒಳ್ಳೇದಮ್ಮಾ. ಆದ್ರೆ ಗರಗಸದ ಹೊಟ್ಟು ಬಿತ್ತೂ ಅಂದ್ರೆ ಸ್ವಲ್ಪ ಹೊತ್ತಿಗೇ ಬಾಯಿ ಕಟ್ಟಿಬಿಡುತ್ತೆ."

"ಬಾಯಿ ಕಟ್ಟೋಕೆ ನಮ್ಮನೇಲಿ ಮಷೀನು ಬೇಡ, ಅಮ್ಮ ಇದ್ದಾರೆ," ಎಂದಳು ಮಗಳು. ಅಂಗಡಿಯವನು ಹೋ ಎಂದು ನಕ್ಕ. ಅಳಿಯ ಛಾವಣಿ ನೋಡಿದ.

ಎರಡನೆಯದು ಹೊರಗೆ ಇಡುವ ಏರ್ಪಾಡು. ಫ್ಯಾನು, ಪೈಪು, ನಡುವೆ ದೊಡ್ಡ ಆಲಿಕೆಯ ಹಾಗೆ ಒಂದು ತಗಡಿನ ಡಬ್ಬ. ಗಾಳಿ ಅದರಲ್ಲಿ ಸುತ್ತುವಾಗ ದಪ್ಪ ಹೊಟ್ಟು ಕೆಳಗಿನ ಡ್ರಮ್ಮಿಗೆ ಬೀಳುತ್ತದೆ. ಮೂರನೆಯದು ಚಕ್ರದ ಮೇಲೆ ಶೆಡ್ಡಿನ ಒಳಗೇ ನಿಲ್ಲುವಂಥದ್ದು. ಗಾಳಿ ಒಂದು ದೊಡ್ಡ ಬಟ್ಟೆಯ ಚೀಲದಲ್ಲಿ ಸೋಸಿಕೊಂಡು ಮತ್ತೆ ಒಳಕ್ಕೇ ಬರುತ್ತದೆ.

"ಬಾಗಿಲು ಮುಚ್ಚಿ ಕೆಲಸ ಮಾಡೋ ಶೆಡ್ಡು ಅಂತೀರಿ. ಹಾಗಿದ್ರೆ ಹೊರಗಿಡೋದೇ ಸರಿ," ಎಂದ ಅಂಗಡಿಯವನು. "ಕಣ್ಣಿಗೆ ಕಾಣೋ ಹೊಟ್ಟು ಮೂಗಲ್ಲೇ ನಿಲ್ಲುತ್ತೆ. ಎದೆಗೆ ಇಳಿಯೋದು ಕಾಣದೇ ಇರೋ ಹುಡಿ."

ನಾನು ಚೀಲದ ಬಟ್ಟೆಯನ್ನು ಬೆರಳ ನಡುವೆ ಹಿಡಿದು ತಿಕ್ಕಿ ನೋಡಿದೆ. ದಪ್ಪ, ಒತ್ತಾದ ನೇಯ್ಗೆ. ಬಟ್ಟೆಯ ವಿಷಯ ನನಗೆ ಗಂಟಲು ಎತ್ತರಿಸಿ ಹೇಳಬೇಕಾಗಿಲ್ಲ. "ಇದೇ ಸಾಕು," ಎಂದೆ. ಬದಲಿ ಚೀಲವೊಂದನ್ನೂ ಕೇಳಿ ಪಡೆದೆ.

ನಾನು ಗಾಡಿಯಲ್ಲಿ ಕೂತ ಮೇಲೂ ಅಂಗಡಿಯವನು ಅಳಿಯನಿಗೆ ಚೀಲ ತೋರಿಸಿ ಏನೋ ವಿವರಿಸುತ್ತಿದ್ದ. ಅದಕ್ಕೂ ಮುಂಚೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಅಳಿಯ ಆ ಎರಡನೆಯದರ ಪೈಪಿನ ಮೇಲೆ ಕೈಯಿಟ್ಟು ಹಿಂದಕ್ಕೆ ತೆಗೆದುಕೊಂಡ. ನಾನು ನೋಡಲಿಲ್ಲವೆಂದು ಇಲ್ಲಿ ಬರೆದರೆ ಕೇಳುವವರು ಯಾರು? ಆದರೆ ನೋಡಿದೆ.

ಫೆಬ್ರವರಿ 9, ಭಾನುವಾರ

ಮಷೀನು ಚೆನ್ನಾಗಿದೆ. ಹೊಟ್ಟನ್ನು ಹಸಿದವನಂತೆ ಎಳೆದುಕೊಳ್ಳುತ್ತದೆ. ಶೆಡ್ಡಿನ ನೆಲ ಅಡುಗೆಮನೆಯ ನೆಲದಂತಾಗಿದೆ. ಆರಿಸಿದವಳು ಯಾರು ಎಂದು ಮಗಳಿಗೆ ಕೇಳಬೇಕೆನಿಸಿತು, ಕೇಳಲಿಲ್ಲ.

ಸಂಜೆ ನೋಡಿದರೆ ಚೀಲ ಬೂದಿ ಬಣ್ಣಕ್ಕೆ ತಿರುಗಿ, ಒಳಗೆಲ್ಲ ಹುಡಿ ಮೆತ್ತಿಕೊಂಡು ನೇತಾಡುತ್ತಿತ್ತು. ಕೊಳೆ ಕಂಡರೆ ನನಗಾಗದು. ಬಿಚ್ಚಿ ಒಗೆಯುವ ಕಲ್ಲಿಗೆ ಒಯ್ದೆ. ಒಗೆದೆ, ಸೋಪು ಹಾಕಿ ತಿಕ್ಕಿದೆ, ನೀರು ತಿಳಿಯಾಗುವವರೆಗೆ ಜಾಲಿಸಿದೆ. ಅಳಿಯ ಹಿತ್ತಲ ಬಾಗಿಲಲ್ಲಿ ನಿಂತಿದ್ದ.

"ಅತ್ತೆ, ನಿಮಗ್ಯಾಕೆ ತೊಂದ್ರೆ..."

"ಒಗೆಯೋದು ತೊಂದರೆಯಾದರೆ ಈ ಮನೆ ಇಷ್ಟು ವರ್ಷ ಹೇಗೆ ನಡೀತಿತ್ತು? ನೀವು ಹೋಗಿ ಮುಖ ತೊಳ್ಕೊಳಿ."

ಇನ್ನೂ ಏನೋ ಹೇಳುವವನಂತೆ ಬಾಯಿ ತೆರೆದ. ಹಗ್ಗದ ಮೇಲೆ ಹರಡಿದ ಚೀಲವನ್ನೊಮ್ಮೆ ನೋಡಿ ಒಳಗೆ ಹೋದ.

ಚೀಲ ಎರಡಿವೆ. ದಿನಕ್ಕೊಂದು ಒಗೆದರಾಯಿತು. ಹಿಂಡುವಾಗ ಕೈ ನೋಯುತ್ತದೆ, ನೋಯಲಿ. ಹಿಂಡಿದ ಮೇಲೆ ಆ ಊಟದ ಹೊತ್ತಿನ ಮಾತು ಸ್ವಲ್ಪ ಕೆಳಗಿಳಿದ ಹಾಗಾಯಿತು.

ಫೆಬ್ರವರಿ 14, ಶುಕ್ರವಾರ

ಲೈಬ್ರರಿಯವರ ಕುರ್ಚಿಗಳಿಗೆ ಎರಡನೇ ಕೋಟು ಹಚ್ಚಿ ಮೂಲೆಯಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಕೈಯಾಡಿಸಿದರೆ ಗೋಧಿಹಿಟ್ಟು ಚೆಲ್ಲಿದ ಹಾಗೆ ತರಿತರಿ. ಇಷ್ಟು ವರ್ಷದಲ್ಲಿ ನನ್ನ ಪಾಲಿಷ್ ಹೀಗಾಗಿದ್ದಿಲ್ಲ.

"ನಿನ್ನ ಗಂಡನಿಗೆ ಹೇಳು, ಪಾಲಿಷ್ ಒಣಗೋವಾಗ ಬಾಗಿಲು ತೆರೀಬಾರದು ಅಂತ," ಎಂದು ಮಗಳ ಮೇಲೆ ಕೂಗಾಡಿದೆ. "ಮಷೀನು ತಂದು ಕೊಟ್ಟರೂ ಅಷ್ಟೆ, ಮಂತ್ರ ಹಾಕಿದರೂ ಅಷ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

"ತಪ್ಪಾಯ್ತು ಅತ್ತೆ," ಎಂದ ಅಳಿಯ. ಪಾಲಿಷ್ ಪೇಪರ್ ತೆಗೆದುಕೊಂಡು ಎಲ್ಲ ಕುರ್ಚಿಗಳನ್ನೂ ಮತ್ತೆ ಉಜ್ಜಲು ಕೂತ.

ಈಗ ಬರೆಯುತ್ತಿರುವಾಗ ನೆನಪಾಗುತ್ತಿದೆ: ಆ ಬಾಗಿಲಿನ ಚಿಲಕ ಹಾಕಿ, ಬೀಗ ಜಡಿದು ಮಲಗಿದವಳು ನಾನೇ. ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಫೆಬ್ರವರಿ 21, ಶುಕ್ರವಾರ

ಕೆಮ್ಮು ಹೆಚ್ಚಾಗಿದೆ. ಮಹಡಿ ಮೆಟ್ಟಿಲಿನ ನಡುವೆ ನಿಂತು, ಏನೋ ಮರೆತವನಂತೆ ನಟಿಸಿ, ಉಸಿರು ತೆಗೆದುಕೊಂಡು ಮತ್ತೆ ಹತ್ತುತ್ತಾನೆ. ಹೋದ ತಿಂಗಳು ಇದನ್ನೇ ನಾಟಕ ಎಂದಿದ್ದೆ. ನಾಟಕವೇ. ಕೆಮ್ಮಿಲ್ಲ ಎನ್ನುವ ನಾಟಕ.

ಮಗಳು ಅವನಿಗೆ ಬೇರೆ ಕೆಲಸ ನೋಡಿದ್ದಾಳೆ. ಗೋದಾಮಿನ ಗೇಟಿನಲ್ಲಿ ಗಾಜಿನ ಕೋಣೆಯೊಳಗೆ ಕೂತು ಬಂದು ಹೋಗುವ ಲಾರಿಗಳಿಗೆ ಚೀಟಿ ಕೊಡುವುದು. ಬರುವ ತಿಂಗಳು ಹತ್ತನೇ ತಾರೀಕಿನಿಂದ.

"ಅಲ್ಲಿ ಧೂಳಿಲ್ವಾ?" ಎಂದೆ.

"ಗಾಜು ಮುಚ್ಚಿರುತ್ತೆ ಅಮ್ಮ."

"ಅವನ ಕೈ ನೋಡಿದ್ದೀಯಾ? ಆ ಕೈಯಲ್ಲಿ ಚೀಟಿ ಹರಿಯೋದಾ?"

ಮಗಳು ನನ್ನನ್ನು ದಿಟ್ಟಿಸಿದಳು. "ನೋಡಿದ್ದೀನಿ. ನೀನು ನೋಡಿದ್ದೀಯ ಅಂತ ಇವತ್ತು ಗೊತ್ತಾಯ್ತು." ಆಮೇಲೆ ಮೆತ್ತಗೆ, "ಅತ್ತೆಗೊಂದು ಕಾಲ ಅಂದ್ರೆ ಅಳಿಯನಿಗೂ ಒಂದು ಕಾಲ ಬರುತ್ತೆ ಅಂತ ಕಾದೆ ಅಮ್ಮ. ಅಷ್ಟರಲ್ಲಿ ಅವರ ಉಸಿರೇ ಮುಗಿದ್ರೆ? ನೀನು ಮಷೀನಿಗಾದ್ರೂ ಒಪ್ಪಿದೆ. ಕೆಮ್ಮು ಅದಕ್ಕೂ ಬಗ್ಗಲಿಲ್ಲ ಅಂದ್ರೆ ಏನು ಮಾಡೋದು?"

"ಹೋಗೋದಾದರೆ ಹೋಗಲಿ," ಎಂದು ಎದ್ದುಬಂದೆ.

ಚೀಲವನ್ನು ಬಿಸಿನೀರಲ್ಲಿ ನೆನೆಸಿ ಒಗೆದೆ. ಹುಡಿಯೆಲ್ಲ ಬಿಡಬೇಕು.

ಫೆಬ್ರವರಿ 24, ಸೋಮವಾರ

ಬರೆಯಲು ಏನಿಲ್ಲ. ಗೋಡೆಯಾಚೆ ಕೆಮ್ಮು. ಚೀಲ ಎರಡು ಸಲ ಒಗೆದೆ.

ಮಾರ್ಚ್ 2, ಭಾನುವಾರ

ಬರೆದೇ ತೀರಬೇಕು.

ಪಾಲಿಷ್ ಪರೀಕ್ಷೆ ಮಾಡಲು ನನ್ನದೊಂದು ಕ್ರಮವಿದೆ. ಕಣ್ಣನ್ನು ಮರದ ಮಟ್ಟಕ್ಕೆ ತಂದು, ಓರೆ ಬಿಸಿಲಿಗೆ ಎದುರಾಗಿ ನೋಡುತ್ತೇನೆ. ಮೇಲಿನಿಂದ ನೋಡಿದರೆ ಕನ್ನಡಿಯಂತಿರುವುದು ಓರೆಯಲ್ಲಿ ತನ್ನ ಗುಟ್ಟೆಲ್ಲ ಬಿಟ್ಟುಕೊಡುತ್ತದೆ. ಇವತ್ತು ಬೆಳಿಗ್ಗೆ ಬಾಗಿಲ ಸಂದಿನಿಂದ ಬಿಸಿಲಿನ ಒಂದು ಪಟ್ಟಿ ಬಂದಿತ್ತು. ಕುರ್ಚಿಯ ಕೈ ನೋಡಲು ಬಗ್ಗಿದೆ. ಅತ್ತ ಅಳಿಯ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಮಷೀನು ಚಾಲೂ ಮಾಡಿ ಉಜ್ಜತೊಡಗಿದ.

ಬಿಸಿಲಿನಲ್ಲಿ ಚೀಲ ಉಸಿರಾಡುತ್ತಿತ್ತು. ನಾನು ನಿನ್ನೆ ಒಗೆದು, ಒಣಗಿಸಿ, ಬೆಳ್ಳಗೆ ಮಾಡಿ ಕಟ್ಟಿದ ಚೀಲ. ಅದರ ಮೈಯಿಂದ ಚಳಿಗಾಲದ ಬಾಯುಸಿರಿನಂಥ ಹೊಗೆ ಎದ್ದು, ಶೆಡ್ಡಿನ ತುಂಬ ಹರಡಿ, ಅವನ ತಲೆಯ ಸುತ್ತ ತೇಲುತ್ತಿತ್ತು. ಬಿಸಿಲಿನ ಪಟ್ಟಿ ದಾಟಿದ್ದೇ ತಡ, ಏನೂ ಕಾಣದು.

ಕುರ್ಚಿಯ ಹತ್ತಿರವೇ ಬಗ್ಗಿ ನಿಂತಿದ್ದೆ. ಕೆಲಸ ಸಾಗಿ ಚೀಲಕ್ಕೆ ಹುಡಿ ಮೆತ್ತಿದಂತೆ ಹೊಗೆ ತೆಳುವಾಗುತ್ತ ಬಂತು. ನಿಲ್ಲಲಿಲ್ಲ, ತೆಳುವಾಯಿತು.

ಆಗ ತಿಳಿಯಿತು. ತಿಳಿಯಿತು ಏನು, ಗೊತ್ತೇ ಇತ್ತು. ವಾರ್ನಿಷ್ಷನ್ನು ಹೊಸ ಬಟ್ಟೆಯಲ್ಲಿ ಸೋಸಿದರೆ ಕಸ ಇಳಿದುಬಿಡುತ್ತದೆ. ಎಳೆಗಳ ಸಂದು ತುಂಬಿಕೊಂಡ ಹಳೆಯ ಬಟ್ಟೆಯೇ ಸಣ್ಣ ಕಸವನ್ನು ಹಿಡಿಯುತ್ತದೆ. ಇದನ್ನು ಮಗಳಿಗೆ ಕಲಿಸಿದವಳು ನಾನು. ಅವಳು ಚಿಕ್ಕವಳಿದ್ದಾಗ ನನ್ನ ಸೋಸುವ ಬಟ್ಟೆಯನ್ನು ಒಗೆದಿಟ್ಟಳೆಂದು ಬೆನ್ನಿಗೆ ಒಂದು ಕೊಟ್ಟವಳೂ ನಾನು.

ಹುಡಿ ಮೆತ್ತಿದ ಚೀಲವೇ ಹುಡಿಯನ್ನು ತಡೆಯುತ್ತಿತ್ತು. ಸಂಜೆಸಂಜೆಯೂ ಅದನ್ನು ತಿಕ್ಕಿ ತಿಕ್ಕಿ ತೆಗೆದೆ. ಕೊಳೆ ಕಂಡರೆ ನನಗಾಗದಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಾರ್ಚ್ 4, ಮಂಗಳವಾರ

ಚೀಲ ಒಗೆಯುವುದು ಬಿಟ್ಟೆ. "ಅಮ್ಮ, ಹುಷಾರಿಲ್ವಾ?" ಎಂದು ಮಗಳು ಹಣೆ ಮುಟ್ಟಿ ನೋಡಿದಳು. ಸೊಂಟ ಹಿಡಿದಿದೆ ಎಂದೆ. ಸುಳ್ಳಿಗೆ ಸೊಂಟವೇ ಸಿಕ್ಕಿತು.

ಅವನು ಊಟಕ್ಕೆ ಹೋದಾಗ ಶೆಡ್ಡಿನಲ್ಲಿ ಅವನ ಸ್ಟೂಲಿನ ಮೇಲೆ ಕೂತು, ಎಲ್ಲ ಮುಚ್ಚಿ, ಮಷೀನು ಹಾಕಿಕೊಂಡೆ. ಹೊಗೆ ಕಾಣಲಿಲ್ಲ. ಆದರೂ ಬಿಸಿಲಿನ ಪಟ್ಟಿಯಲ್ಲಿ ಹುಡಿ ತೇಲುತ್ತಲೇ ಇತ್ತು. ಸೋಸಿದ ಗಾಳಿಯೂ ತಿರುಗಿ ಇಲ್ಲಿಗೇ ಬರಬೇಕಲ್ಲ, ಹೋಗಲು ದಾರಿ ಎಲ್ಲಿದೆ? ಅಂಗಡಿಯವನು ಅಷ್ಟು ದೊಡ್ಡ ಗಂಟಲಲ್ಲಿ ಹೇಳಿದ್ದನ್ನು ಬಟ್ಟೆ ತಿಕ್ಕಿ ನೋಡುತ್ತ ಕೇಳಿಸಿಕೊಳ್ಳಲಿಲ್ಲ. ಎದುರಿಗೆ ಕಪಾಟು. ಬೀಗ ಹಾಕಿತ್ತು.

ಮೊದಲ ದಿನದ ಪುಟ ತಿರುವಿ ನೋಡಿದೆ. "ಕೆಮ್ಮುತ್ತಲೇ ಬದುಕಿದರು" ಎಂದು ಬರೆದಿದ್ದೇನೆ. ಕೆಮ್ಮುತ್ತಲೇ ಹೋದರು ಎಂದಿರಬೇಕಿತ್ತು.

ಇಷ್ಟು ಸಾಕು ಇವತ್ತಿಗೆ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಶೆಡ್ಡಿಗೆ ಹೋದರೆ ಅವನು ಉಳಿಗಳಿಗೆ ಒಂದೊಂದಾಗಿ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಸೋಮವಾರದಿಂದ ಗೋದಾಮು. ಕೂಸಿಗೆ ಸ್ನಾನ ಮಾಡಿಸಿ ಮಲಗಿಸುವವರ ಹಾಗೆ ಸುತ್ತುತ್ತಿದ್ದ.

ಮಗಳನ್ನು ಕರೆದು ಅವಳ ಮೂಲಕ ಹೇಳಿಸೋಣವೆಂದು ಬಾಯಿಗೆ ಬಂತು. ನುಂಗಿಕೊಂಡೆ.

"ಆ ಚೀಲ ಒಗೀಬಾರದಿತ್ತು," ಎಂದೆ. "ಒಗೆದಿದ್ದಕ್ಕೇ ಹುಡಿ ಹೊರಗೆ ಬರ್ತಿತ್ತು. ನಿಮ್ಮ ಕೆಮ್ಮು ಹೆಚ್ಚಾಗಿದ್ದು ನನ್ನಿಂದ. ಪಾಲಿಷ್ ಕೆಟ್ಟಿದ್ದೂ ಅದರಿಂದಲೇ. ನೀವು ಬಾಗಿಲು ತೆಗೆದಿರಲಿಲ್ಲ."

ಅವನು ಸುತ್ತುತ್ತಿದ್ದ ಉಳಿಯನ್ನು ಕೆಳಗಿಟ್ಟ.

"ಗೊತ್ತಿತ್ತು ಅತ್ತೆ."

"ಏನು ಗೊತ್ತಿತ್ತು?"

"ಒಗೀಬೇಡಿ, ಮೆಲ್ಲಗೆ ಕೊಡವಿ ಸಾಕು ಅಂತ ಅಂಗಡಿಯವ್ರು ಅವತ್ತೇ ಹೇಳಿದ್ರು."

ನನಗೆ ರೇಗಿತು. ನಾಚಿಕೆಯಾದಾಗ ನನಗೆ ರೇಗುತ್ತದೆ. "ಬಾಯಿ ಇರಲಿಲ್ವಾ? ಒಂದು ಮಾತು ಹೇಳೋಕೆ ಏನಾಗಿತ್ತು? ನಾನೇನು ಹುಲಿಯಾ?"

"ಸ್ವಲ್ಪ," ಎಂದು ನಕ್ಕ. ಕೆಮ್ಮು ಬಂತು. ಅದು ಮುಗಿಯುವವರೆಗೆ ನಾನೂ ಉಸಿರು ಬಿಗಿಹಿಡಿದು ನಿಂತಿದ್ದೆ. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದ:

"ಮೊದಲನೇ ದಿನ ಹೇಳೋಣ ಅಂತಲೇ ಬಾಗಿಲಿಗೆ ಬಂದೆ ಅತ್ತೆ. ನೀವು ಮಂಡಿ ಊರಿ ಕೂತು ಒಗೀತಿದ್ರಿ. ಈ ಮನೆಗೆ ಬಂದ ಮೇಲೆ ನೀವು ನನಗೋಸ್ಕರ ಅಂತ ಮಾಡಿದ ಮೊದಲ್ನೇ ಕೆಲಸ ಅದು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಇಷ್ಟು ಆಗುತ್ತೆ ಅಂತ ನನಗೂ ಗೊತ್ತಿರ್ಲಿಲ್ಲ."

ಎಣ್ಣೆಯ ಡಬ್ಬದ ಮುಚ್ಚಳ ತೆರೆದೇ ಇತ್ತು, ಮುಚ್ಚಿ ಬಂದೆ.

ಮಾರ್ಚ್ 9, ಭಾನುವಾರ

ಕಪಾಟು ಕೊರೆದಾಯಿತು.

ನಿನ್ನೆ ಬೆಳಿಗ್ಗೆ ಬೀಗ ತೆಗೆದು ನನ್ನ ಡಬ್ಬ, ಬ್ರಷ್ಷು, ಬಟ್ಟೆಗಳನ್ನೆಲ್ಲ ಅಡುಗೆಮನೆಯ ಹಿಂದಿನ ಪಡಸಾಲೆಗೆ ಸಾಗಿಸಿದೆ. ಇನ್ನು ಪಾಲಿಷ್ ಅಲ್ಲೇ. ಒಣಗುವ ಮರಕ್ಕೋಸ್ಕರ ಉಸಿರಾಡುವವರನ್ನು ಮುಚ್ಚಿಡುವುದು ಬೇಡ. ಪೈಪಿನ ಅಳತೆಗೆ ಸರಿಹೋಗುವ ತಟ್ಟೆಯೊಂದನ್ನು ತಂದು, ಕಪಾಟಿನ ಬೆನ್ನ ಹಲಗೆಗೆ ಒತ್ತಿ ಹಿಡಿದು, ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಎಳೆದೆ.

ಮಗಳು ಓಡಿಬಂದಳು. "ಅಮ್ಮ, ಏನಿದು! ಅವರಾದ್ರೂ ಕೊಯ್ತಾರೆ, ಬಿಡು."

"ಧೂಳು ಏಳುತ್ತೆ. ಅವನನ್ನು ಕರ್ಕೊಂಡು ಆಚೆ ನಿಲ್ಲು," ಎಂದೆ.

ಮೂಗಿಗೆ ಸೆರಗು ಕಟ್ಟಿಕೊಂಡು, ತುದಿ ಚೂಪಿನ ಸಣ್ಣ ಗರಗಸದಿಂದ ನಾನೇ ಕೊಯ್ದೆ. ನಮ್ಮವರ ತೇಗ ಸುಲಭಕ್ಕೆ ಬಗ್ಗಲಿಲ್ಲ, ನನ್ನ ಹಾಗೆ. ತೋಳು ಸೋತು ನಡುನಡುವೆ ಕೂತೆ, ಮತ್ತೆ ಎದ್ದೆ. ಕೊನೆಗೆ ದುಂಡು ಚಕ್ಕೆ ಕೈಗೆ ಬಂತು. ಆ ತೂತಿನಿಂದ ಶೆಡ್ಡಿನೊಳಕ್ಕೆ ಬಿಸಿಲು ಬಿತ್ತು. ನಾನು ಈ ಮನೆಗೆ ಹೊಸಬಳಾಗಿ ಬಂದಾಗ ಅಲ್ಲಿ ಬೀಳುತ್ತಿದ್ದ ಬಿಸಿಲು.

ಮಧ್ಯಾಹ್ನ, ನಾನು ಫೋನು ಮಾಡಿ ಕರೆಸಿದ್ದ ಅಂಗಡಿಯವನು ಆಲಿಕೆಯಂಥ ಡಬ್ಬವನ್ನೂ ಡ್ರಮ್ಮನ್ನೂ ತಂದು ಕೂರಿಸಿದ. ಅದೇ ಮಷೀನನ್ನು ಓಣಿಯ ಸೂರಿನ ಕೆಳಗೆ ಸಾಗಿಸಿ, ಪೈಪನ್ನು ಕಪಾಟಿನೊಳಗಿಂದ ಎಳೆದ. ಮೊದಲ ದಿನವೇ ಇಷ್ಟು ಮಾಡಬಹುದಿತ್ತು. ಅವನು ಹಾಗೆ ಹೇಳಲಿಲ್ಲ. ಅಷ್ಟು ದೊಡ್ಡ ಗಂಟಲಿನವನೂ ಒಂದೊಂದು ಸಲ ಸುಮ್ಮನಿರುತ್ತಾನೆ.

ಇವತ್ತು ಬೆಳಿಗ್ಗೆ ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಟ್ಟು, ಮಷೀನು ಹಾಕಿ, ಅವನ ಸ್ಟೂಲಿನಲ್ಲಿ ಕೂತು ಒಂದು ಹಲಗೆಯನ್ನು ಉಜ್ಜುತ್ತ ಓರೆ ಬಿಸಿಲಿನಲ್ಲಿ ನೋಡಿದೆ. ನಡುನಡುವೆ ತಲೆ ಬಗ್ಗಿಸಿ ಮತ್ತೆ ಮತ್ತೆ ನೋಡಿದೆ. ಬಿಸಿಲಿನಲ್ಲಿ ಬಿಸಿಲು ಮಾತ್ರ ಇತ್ತು.

ನಾಳೆಯಿಂದ ಅವನು ಗೋದಾಮಿಗೆ ಹೋಗುತ್ತಾನೆ. ಬೇಡ ಎನ್ನಲು ನನಗೆ ಬಾಯಿಲ್ಲ. ಎದೆಯಲ್ಲಿ ಕೂತದ್ದು ಕರಗಲು ಕಾಲ ಬೇಕು, ಡಾಕ್ಟರು ಆಗಲಿ ಎನ್ನುವವರೆಗೆ ಗಾಜಿನ ಹಿಂದೆಯೇ ಇರಲಿ. ಸುತ್ತಿಟ್ಟ ಉಳಿಗಳನ್ನು ಅವನು ಅಟ್ಟಕ್ಕೆ ಹಾಕಲು ಹೊರಟಿದ್ದ. ತಡೆದು, ಕಪಾಟಿನ ಮೇಲಿನ ಅಂಕಣದಲ್ಲಿ, ಪೈಪಿನ ಪಕ್ಕ ಇಡಿಸಿದೆ.

"ಇದು ನಿಮ್ಮ ಕಪಾಟಲ್ವಾ ಅತ್ತೆ?" ಎಂದ.

"ಬಾಯಿ ಮುಚ್ಚಿ ಇಡು," ಎಂದೆ.

ಆಮೇಲೆ ಶೆಡ್ಡಿನ, ಕಪಾಟಿನ ಬೀಗದ ಕೈಗಳನ್ನು ಗೊಂಚಲಿನಿಂದ ಬಿಚ್ಚಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ. ನನ್ನ ಸೊಂಟದಲ್ಲಿ ಈಗ ಮನೆಯ ಬೀಗದ ಕೈ ಒಂದೇ ಇದೆ.